ಪಾದೆಯ ಮೇಲೆ ಹೇಳದೆ ಬಿಟ್ಟ ಮಾತು

ಜೂನ್ ತಿಂಗಳು ಬಂದು ಮೀನುಗಾರಿಕೆ ನಿಂತು, ಬೋಟುಗಳೆಲ್ಲ ಮಲ್ಪೆ ಬಂದರಿನಲ್ಲಿ ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತ ಮೇಲೆ ಚಂದು ಬೇರೆ ವರ್ಷಗಳಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದ. ಬಲೆ ಹೊಲಿಯುವುದು, ನೆಂಟರ ಮನೆಗೆ ಹೋಗುವುದು, ಕಾಪು ಕಡಲ ಬದಿಯ ತನ್ನ ಮನೆಯ ಜಗಲಿಯಲ್ಲಿ ಕಾಲು ಚಾಚಿ ಮಲಗುವುದು. ಈ ವರ್ಷ ಮಾತ್ರ ನಿದ್ದೆ ಹತ್ತಿರ ಸುಳಿಯಲಿಲ್ಲ. ಅದಕ್ಕೆ ಕಾರಣ ಒಂದೇ ಒಂದು ಶಬ್ದ: "ನೋಡುವ."

ಹೇಳಿದವನು ಸುಕೇಶ, ಬೋಟಿನ ಮಾಲಕ. ಚಂದು ಆ ಬೋಟಿನ ತಂಡೇಲ, ಅಂದರೆ ಸಮುದ್ರಕ್ಕೆ ಇಳಿದ ಮೇಲೆ ಬೋಟಿಗೂ ಅದರೊಳಗಿನ ಜೀವಗಳಿಗೂ ಯಜಮಾನ. ಸುಕೇಶನ ಅಪ್ಪನ ಕಾಲದಿಂದಲೂ ಅವನೇ. ಸುಕೇಶನನ್ನು ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು, ಬೋಟು ಕಟ್ಟುವ ಧಕ್ಕೆಯನ್ನೆಲ್ಲ ಸುತ್ತಿಸಿದವನು. ಆದರೂ ಅಪ್ಪ ತೀರಿಕೊಂಡು ಹುಡುಗ ಮಾಲಕನಾದ ದಿನದಿಂದ ಚಂದು ಅವನನ್ನು "ಸುಕೇಶಣ್ಣ" ಎಂದೇ ಕರೆದ. ಸುಕೇಶ ಇವನನ್ನು "ಚಂದಣ್ಣ" ಎಂದ. ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು ನಡೆಯುತ್ತಿತ್ತು.

ಈಚೆಗೆ ಧಕ್ಕೆಯಲ್ಲಿ ಬೇರೆ ಗಾಳಿ ಬೀಸತೊಡಗಿತ್ತು. ಬೋಟುಗಳಿಗೆ ದೊಡ್ಡ ದೊಡ್ಡ ಪರದೆಯ ಯಂತ್ರಗಳು ಬಂದವು. ಮೀನು ಎಲ್ಲಿ ಉಂಟು, ಕಲ್ಲು ಎಲ್ಲಿ ಉಂಟು, ಬೋಟು ಎಲ್ಲಿ ಉಂಟು, ಎಲ್ಲ ಅದರಲ್ಲೇ ಕಾಣುತ್ತದೆ. ಅದನ್ನು ಓದಲು ಜಿತೇಂದ್ರನಂಥ ಎಳೆಯ ಹುಡುಗರು ಮುಂದೆ ಬಂದರು. ಚಂದು ಪರದೆ ನೋಡುತ್ತಿದ್ದ, ಇಲ್ಲ ಎಂದಲ್ಲ. ಆದರೆ ನೋಡಿದ ಮೇಲೂ ಒಮ್ಮೆ ಗಾಳಿಗೆ ಮುಖ ಒಡ್ಡಿ, ಚುಕ್ಕಾಣಿ ಚಕ್ರದ ಮುಂದಿನ ಹಳೆಯ ದಿಕ್ಸೂಚಿಯ ಮೇಲೆ ಕಣ್ಣಾಡಿಸಿ ತಲೆಯಾಡಿಸಿದ ಬಳಿಕವೇ ಅವನಿಗೆ ಸಮಾಧಾನ. ಮೇ ಕೊನೆಯಲ್ಲಿ ಬೋಟು ಕಟ್ಟಿದ ದಿನ ಅವನೇ ಕೇಳಿದ: "ಆಗಸ್ಟಿಗೆ ಬೋಟು ಮತ್ತೆ ಇಳಿಯುವಾಗ ತಂಡೇಲ ನಾನೇ ಅಲ್ವಾ ಸುಕೇಶಣ್ಣ?" ಎಂದಿನ ಉತ್ತರ "ಮತ್ತೆ ಯಾರು ಮಾರಾಯ್ರೆ" ಎಂದು. ಈ ಸಲ ಸುಕೇಶ ಮೊಬೈಲ್ ನೋಡುತ್ತ "ನೋಡುವ" ಎಂದ.

ಅದಾಗಿ ವಾರ ಕಳೆಯುವುದರೊಳಗೆ ಸುಕೇಶನೇ ಫೋನು ಮಾಡಿದ. ಅವನು ಈಗ ಮಣಿಪಾಲದ ಫ್ಲ್ಯಾಟಿನಲ್ಲಿದ್ದ. ಅಲ್ಲಿ ಬೆಳಿಗ್ಗೆ ಎದ್ದು ಒಟ್ಟಿಗೆ ಓಡುವ ಒಂದು ಗುಂಪು. ಡಾಕ್ಟರು, ಬ್ಯಾಂಕಿನವರು, ಬಿಲ್ಡರುಗಳು. ಅವರು ಕಾರ್ಕಳದ ಆಚೆಯ ಕಾಡಿನಲ್ಲಿ ಓರಿಯಂಟೀರಿಂಗ್ ಎಂಬ ಸ್ಪರ್ಧೆ ಇಟ್ಟಿದ್ದರು.

"ಎಂತ ಇಲ್ಲ ಚಂದಣ್ಣ. ಕೈಗೊಂದು ಮ್ಯಾಪು, ಒಂದು ದಿಕ್ಸೂಚಿ ಕೊಡುತ್ತಾರೆ. ಕಾಡಿನೊಳಗೆ ಅಲ್ಲಲ್ಲಿ ಬಾವುಟ ಕಟ್ಟಿರುತ್ತಾರೆ. ಹುಡುಕಿ ಹುಡುಕಿ, ಕಾರ್ಡಿಗೆ ತೂತು ಹೊಡೆಸಿಕೊಂಡು ಬರಬೇಕು. ಇಬ್ಬಿಬ್ಬರ ಜೋಡಿ. ನನ್ನ ಜೋಡಿಯವನ ಕಾಲು ಉಳುಕಿದೆ. ನೀವು ಬನ್ನಿ. ದಿಕ್ಕಿನ ವಿಷಯ ನಿಮಗಿಂತ ಹೆಚ್ಚು ಯಾರಿಗೆ ಗೊತ್ತುಂಟು?"

ಚಂದುವಿಗೆ ಅಷ್ಟು ಸಾಕಾಯಿತು. ಹೆಂಡತಿ ಪುಷ್ಪಾವತಿ ಒಣಮೀನು ಬಿಡಿಸುತ್ತಿದ್ದವಳು ತಲೆಯೆತ್ತಿ, "ಈ ವಯಸ್ಸಿಗೆ ಕಾಡಿನಲ್ಲಿ ಓಡಲಿಕ್ಕೆ ನಿಮಗೇನು ಮಂಡೆ ಸಮ ಉಂಟಾ?" ಎಂದಳು.

"ಓಡಲಿಕ್ಕೆ ಅಲ್ಲ. ದಾರಿ ತೋರಿಸಲಿಕ್ಕೆ," ಎಂದ ಚಂದು. ಆಗಸ್ಟಿನ ಮಾತು ಅಲ್ಲಿ ಕಾಡಿನಲ್ಲಿ ತೀರ್ಮಾನವಾಗಲಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆ ಭಾನುವಾರ ಮೋಡ ಕವಿದಿತ್ತು. ಮಳೆ ಹಿಡಿದಿರಲಿಲ್ಲ, ಆದರೆ ಸೂರ್ಯ ಎಲ್ಲಿದ್ದಾನೆ ಎಂದು ಕೇಳಿದರೆ ಯಾರೂ ಬೆರಳು ತೋರಿಸಲಾರರು, ಅಂಥ ಮೋಡ. ಕಾಡಿನ ಅಂಚಿನ ಒಂದು ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಬಣ್ಣ ಬಣ್ಣದ ಬೂಟು, ಬೆನ್ನಿಗೆ ನೀರಿನ ಚೀಲ ಕಟ್ಟಿಕೊಂಡ ಜನ. ಚಂದು ಮಳೆಗಾಲದ ರಬ್ಬರ್ ಚಪ್ಪಲಿ ಹಾಕಿಕೊಂಡು ಬಂದಿದ್ದ. ಸುಕೇಶ ಅವನ ಭುಜದ ಮೇಲೆ ಕೈಯಿಟ್ಟು ಎಲ್ಲರಿಗೂ ಪರಿಚಯ ಮಾಡಿಸಿದ: "ನಮ್ಮ ತಂಡೇಲರು. ನೀವೆಲ್ಲ ಇವತ್ತು ಎರಡನೆಯ ಸ್ಥಾನಕ್ಕೆ ಓಡಿ, ಆಯಿತಾ?" ಜನ ನಕ್ಕರು. ಚಂದುವಿನ ಎದೆ ಒಂದು ಅಂಗುಲ ಅಗಲವಾಯಿತು.

ಸಾಮಾನು ಕೊಡುತ್ತಿದ್ದವಳು ತೃಪ್ತಿ ಎಂಬ ಹುಡುಗಿ. ಕಲ್ಯಾಣಪುರದವಳು, ಯಾವುದೋ ಕಾಲೇಜಿನಲ್ಲಿ ಆಟದ ಟೀಚರು. ಮ್ಯಾಪು ಕೊಟ್ಟಳು, ಅಂಗೈಯಗಲದ ಪಾರದರ್ಶಕ ದಿಕ್ಸೂಚಿ ಕೊಟ್ಟಳು. "ಅಣ್ಣ, ಇದನ್ನು ಹಿಡಿಯುವ ಕ್ರಮ ಒಮ್ಮೆ ತೋರಿಸಲಾ?" ಎಂದು ಕೇಳಿದಳು.

ಚಂದು ಉತ್ತರಿಸುವ ಮೊದಲೇ ಸುಕೇಶ ನಕ್ಕುಬಿಟ್ಟ. "ಇವರಿಗೆ ದಿಕ್ಸೂಚಿ ಕಲಿಸುವುದಾ? ಒಳ್ಳೆ ಕತೆ!"

"ಬೇಡಮ್ಮ," ಎಂದ ಚಂದು, ದೊಡ್ಡಮನಸ್ಸಿನಿಂದ.

ಆಮೇಲೆ ನಡೆದದ್ದು ಅರ್ಥವಾಗಬೇಕಾದರೆ ಒಂದು ಸಂಗತಿ ತಿಳಿದಿರಬೇಕು. ಬೋಟಿನ ದಿಕ್ಸೂಚಿಯಲ್ಲಿ ಅಕ್ಷರ ಬರೆದ ತಟ್ಟೆಯೇ ತೇಲುತ್ತ ತಿರುಗುತ್ತದೆ. ಮುಂದಿನ ಗೆರೆಗೆ ಯಾವ ಅಕ್ಷರ ಬಂದು ನಿಂತಿತೋ ಬೋಟು ಹೋಗುವುದು ಆ ದಿಕ್ಕಿಗೆ. ತಂಡೇಲ ಅಕ್ಷರ ಓದುತ್ತಾನೆ, ಚಕ್ರ ತಿರುಗಿಸುತ್ತಾನೆ, ಅಷ್ಟೇ. ಈ ಕೈದಿಕ್ಸೂಚಿಯಲ್ಲಿ ತಟ್ಟೆ ತಾನಾಗಿ ತಿರುಗುವುದಿಲ್ಲ, ಮುಳ್ಳು ಮಾತ್ರ ತಿರುಗುತ್ತದೆ. ಆ ಮುಳ್ಳಿನ ಕೆಂಪು ತುದಿ ಯಾವಾಗಲೂ ಉತ್ತರಕ್ಕೇ. ಬೋಟಿನ ಅಭ್ಯಾಸದಲ್ಲಿ ಕೆಂಪು ತುದಿ ನಿಂತ ಅಕ್ಷರವನ್ನೇ ನಾವು ಹೋಗುವ ದಿಕ್ಕು ಎಂದು ಓದಿದರೆ ಮೂಡು, ಅಂದರೆ ಪೂರ್ವ, ಹೋಗಿ ಪಡುವಾಗುತ್ತದೆ, ಪಶ್ಚಿಮದ ಪಡು ಹೋಗಿ ಮೂಡಾಗುತ್ತದೆ. ಉತ್ತರ, ದಕ್ಷಿಣಕ್ಕೆ ಹೋಗುವಾಗ ಮಾತ್ರ ಈ ತಪ್ಪು ತಪ್ಪೆಂದೇ ಗೊತ್ತಾಗುವುದಿಲ್ಲ.

ಅವರ ಮೊದಲನೆಯ ಬಾವುಟ ನೇರ ಉತ್ತರಕ್ಕಿತ್ತು. ಚಂದು ಒಂದು ಗೆರೆ ಆಚೀಚೆ ಆಗದಂತೆ ಕರೆದುಕೊಂಡು ಹೋದ. ಕಿತ್ತಳೆ ಬಿಳಿ ಬಣ್ಣದ ಬಾವುಟ ಮರದ ಹಿಂದೆ ನಗುತ್ತ ನಿಂತಿತ್ತು. ಎರಡನೆಯದು ತೊರೆಯ ಬದಿಯಲ್ಲಿ. ನೀರು ಹಿಡಿದು ನಡೆದರೆ ಸಿಕ್ಕಿತು. ಮಣಿಪಾಲದ ಜೋಡಿಗಳು ಪೊದೆಯೊಳಗೆ ನುಗ್ಗಿ ಮ್ಯಾಪನ್ನು ತಲೆಕೆಳಗು ಮಾಡಿಕೊಂಡು ಜಗಳವಾಡುತ್ತಿದ್ದರು.

"ಹೇಳಿದ್ದೆನಲ್ಲ," ಎಂದ ಸುಕೇಶ ಏದುಸಿರು ಬಿಡುತ್ತ. "ಚಂದಣ್ಣ, ನೀವು ಇದ್ದರೆ ನನಗೆ ಮನೆಯಲ್ಲಿ ನಿದ್ದೆ ಬರುತ್ತದೆ. ಅದು ಸತ್ಯ."

ಆಗಲೇ ಕೇಳಿಬಿಡಬಹುದಿತ್ತು, ಆಗಸ್ಟಿನ ಮಾತು. ಇನ್ನೊಂದು ಬಾವುಟ ಸಿಗಲಿ ಎಂದು ಚಂದು ಸುಮ್ಮನಾದ.

ಮೂರನೆಯದು ನೇರ ಮೂಡಿಗೆ. ಚಂದು ತಾನು ತಿರುಗುತ್ತ ಕೆಂಪು ತುದಿಯನ್ನು ಮೂಡಿನ ಅಕ್ಷರಕ್ಕೆ ತಂದು ನಿಲ್ಲಿಸಿ, ಎದುರಿಗಿದ್ದ ದೊಡ್ಡ ಮರವೊಂದನ್ನು ಗುರಿ ಹಿಡಿದು ಹೊರಟ. ಅವನು ಹೊರಟದ್ದು ಪಡುವಿಗೆ.

ಕಾಡು ದಟ್ಟವಾಯಿತು. ಬೆತ್ತದ ಬಳ್ಳಿ ಕೈ ಗೀರಿತು, ಕಾಲಿಗೆ ಉಂಬಳ ಹತ್ತಿದವು. ಮ್ಯಾಪಿನಲ್ಲಿದ್ದ ಕಾಲುದಾರಿ ಬರಲಿಲ್ಲ. ಸುಕೇಶ ಎರಡು ಸಲ "ದಾರಿ ಸಿಗಬೇಕಿತ್ತು ಅಲ್ವಾ?" ಎಂದು ಕೇಳಿದ. ಎರಡು ಸಲವೂ ಚಂದು "ಬರುತ್ತದೆ, ಬನ್ನಿ" ಎಂದ. ಸುಕೇಶ ಮತ್ತೆ ಕೇಳಲಿಲ್ಲ. ನಂಬಿ ಹಿಂದೆ ಬಂದ, ಬೋಟಿನಲ್ಲಿ ದುಡಿಯುವ ಕಲಾಸಿಗಳು ಬರುವ ಹಾಗೆ.

ಕೊನೆಗೆ ಮರಗಳು ಮುಗಿದು ಒಂದು ವಿಶಾಲವಾದ ಕಪ್ಪು ಬಂಡೆಯ ಮೇಲೆ ಬಂದು ಬಿದ್ದರು. ಊರಿನವರು ಪಾದೆ ಎನ್ನುತ್ತಾರಲ್ಲ, ಅಂಥದ್ದು. ಬಯಲು. ಕಾಡಿನೊಳಗೆ ಇಷ್ಟು ಹೊತ್ತು ಇಲ್ಲದ ಗಾಳಿ ಅಲ್ಲಿ ಚಂದುವಿನ ಮುಖಕ್ಕೆ ನೇರ ಬಂದು ಹೊಡೆಯಿತು.

ಚಂದು ನಿಂತುಬಿಟ್ಟ. ಜೂನ್ ತಿಂಗಳ ಗಾಳಿ ಕಡಲಿನದ್ದು. ಅದು ಪಡುವಿನಿಂದ ಬರುತ್ತದೆ, ಬೇರೆಲ್ಲಿಂದಲೂ ಬರಲಾರದು. ಮೂಡಿಗೆ ನಡೆದವನ ಬೆನ್ನಿಗೆ ಅದು ತಾಗಬೇಕು. ಅವನು ಗಾಳಿಯತ್ತ ಮುಖ ಮಾಡಿ ಕಣ್ಣು ಕಿರಿದು ಮಾಡಿದ. ಆಮೇಲೆ ಕೈಯಲ್ಲಿದ್ದುದನ್ನು ನೋಡಿದ. ಸ್ವಲ್ಪ ತಿರುಗಿದ. ತಟ್ಟೆ ಅಲ್ಲೇ ಇತ್ತು, ಮುಳ್ಳು ಮಾತ್ರ ಕದಲಿತು. ಅಷ್ಟು ಸಾಕಾಯಿತು. ಎಲ್ಲಿ ತಪ್ಪಿದೆ, ಹೇಗೆ ತಪ್ಪಿದೆ, ಎಲ್ಲ ಒಂದೇ ಉಸಿರಿಗೆ ಗೊತ್ತಾಯಿತು.

ಸುಕೇಶ ಬಂಡೆಯ ಮೇಲೆ ಕೂತು ಉಂಬಳ ಕೀಳುತ್ತಿದ್ದ. "ಎಲ್ಲಿ ತಪ್ಪಿತು ಚಂದಣ್ಣ?" ಎಂದು ಕೇಳಿದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ನಾನು ತಿರುಗಾ ಮುರುಗಾ ಓದಿದೆ ಸುಕೇಶಣ್ಣ, ಬೋಟಿನ ಅಭ್ಯಾಸ" ಎಂದರೆ ಮುಗಿಯುತ್ತಿತ್ತು. ಇಬ್ಬರೂ ನಗುತ್ತಿದ್ದರು. ವರ್ಷಗಟ್ಟಲೆ ಹೇಳಿಕೊಂಡು ನಗಬಹುದಾದ ಕತೆಯಾಗುತ್ತಿತ್ತು. ಮಾತು ಗಂಟಲವರೆಗೆ ಬಂದೂ ಇತ್ತು. ಆಗ ಚಂದುವಿಗೆ ಆ "ನೋಡುವ" ಕೇಳಿಸಿತು, ಮೊಬೈಲ್ ನೋಡುತ್ತಿದ್ದ ಆ ಮುಖ ಕಾಣಿಸಿತು. ತಂಡೇಲನಿಗೆ ಮೂಡು ಪಡು ಗೊತ್ತಿಲ್ಲ ಎಂದ ಮೇಲೆ ಆಗಸ್ಟು ಎಲ್ಲಿಂದ?

"ಈ ಸಾಮಾನು ಸರಿ ಇಲ್ಲ," ಎಂದ ಚಂದು. "ಮುಳ್ಳು ಕೆಟ್ಟಿದೆ. ನಾನು ಆಗಲೇ ಅಂದುಕೊಂಡೆ."

ಸುಕೇಶ ಅವನ ಮುಖವನ್ನು ಒಂದು ಗಳಿಗೆ ನೋಡಿದ. "ಕೆಟ್ಟದ್ದು ಕೊಟ್ಟಿದ್ದಾರೆಯಾ ನಮಗೆ?" ಎಂದ. ಎದ್ದು ಪ್ಯಾಂಟು ಕೊಡವಿಕೊಂಡ.

ಬಂದ ಗುರುತು ಹಿಡಿದು ಮರಳಿ ಮೈದಾನಕ್ಕೆ ಬಂದು ಮುಟ್ಟುವಾಗ ಉಳಿದವರೆಲ್ಲ ಬಂದು ಕೂತು ಅಕ್ಕಿಯ ಪುಂಡಿ, ಚಟ್ನಿ ತಿನ್ನುತ್ತಿದ್ದರು. ಸುಕೇಶ ನೇರ ತೃಪ್ತಿಯ ಮೇಜಿನ ಮುಂದೆ ಹೋಗಿ ದಿಕ್ಸೂಚಿಯನ್ನು ಟಪ್ಪೆಂದು ಇಟ್ಟ.

"ಕೊಡುವ ಮೊದಲು ನೋಡಿ ಕೊಡುವ ಅಭ್ಯಾಸ ಇಲ್ಲವಾ ನಿಮಗೆ? ಕಾಡಿನಲ್ಲಿ ಏನಾದರೂ ಆಗಿದ್ದರೆ ಯಾರು ಜವಾಬ್ದಾರಿ? ನಲವತ್ತು ವರ್ಷ ಸಮುದ್ರದಲ್ಲಿ ದಾರಿ ತಪ್ಪದವರು ಇವರು. ನಿಮ್ಮ ಈ ಆಟದ ಸಾಮಾನಿನಿಂದ ಇವತ್ತು ಇಷ್ಟು ಜನರ ಮುಂದೆ ಮರ್ಯಾದೆ ಹೋಯಿತು!"

ಚಂದು ಅವನ ತೋಳು ಹಿಡಿದು "ಬಿಡಿ ಸುಕೇಶಣ್ಣ, ಆಯಿತಲ್ಲ" ಎಂದ. ಸುಕೇಶ ಬಿಡಲಿಲ್ಲ. ತನ್ನವನ ಪರ ನಿಂತವನಿಗೆ ಬೊಬ್ಬೆ ಸ್ವಲ್ಪ ಜಾಸ್ತಿಯೇ ಇರುತ್ತದೆ.

ತೃಪ್ತಿಯ ಮುಖ ಕೆಂಪಾಯಿತು. ಪೆಟ್ಟಿಗೆಯಿಂದ ಬೇರೆ ದಿಕ್ಸೂಚಿಗಳನ್ನು ತೆಗೆದು ಮೇಜಿನ ಮೇಲೆ ಒಂದೊಂದು ಗೇಣು ಬಿಟ್ಟು ಸಾಲಾಗಿಟ್ಟಳು. ಎಲ್ಲ ಮುಳ್ಳುಗಳೂ ಒಂದೇ ಕಡೆಗೆ ನಿಂತವು, ಇವರದ್ದೂ ಸೇರಿ. ಜನ ಎದ್ದು ಬಂದು ಸುತ್ತ ನಿಂತರು.

"ಅಣ್ಣ, ನೀವು ಹೇಗೆ ಹಿಡಿದಿರಿ ಒಮ್ಮೆ ತೋರಿಸಿ," ಎಂದಳು ಹುಡುಗಿ. "ಮೂಡಿಗೆ ಹೋಗಬೇಕು ಅಂತ ಇಟ್ಟುಕೊಳ್ಳಿ."

ಅಷ್ಟು ಕಣ್ಣುಗಳ ಮುಂದೆ ಚಂದುವಿಗೆ ಬೇರೆ ಹಾದಿ ಕಾಣಲಿಲ್ಲ. ಬೇಕೆಂದೇ ಸರಿಯಾಗಿ ಹಿಡಿಯೋಣವೆಂದರೆ ಸರಿಯಾದ ಕ್ರಮ ಅವನಿಗೆ ಗೊತ್ತಿರಲಿಲ್ಲ. ಹಿಡಿದ ಹಾಗೆಯೇ ಹಿಡಿದು ತೋರಿಸಿದ.

"ಓ, ಇದಾ!" ಎಂದಳು ತೃಪ್ತಿ. ಭಾರ ಇಳಿದಂತೆ ನಕ್ಕಳು, ಅದರಲ್ಲಿ ವಿಷವಿರಲಿಲ್ಲ. "ತೊಂದರೆ ಇಲ್ಲ ಅಣ್ಣ. ಹೊಸಬರೆಲ್ಲ ಇದೇ ತಪ್ಪು ಮಾಡುವುದು."

ಹೊಸಬರು! ಹಿಂದಿನಿಂದ ಬಿಲ್ಡರನೊಬ್ಬ ಕೂಗಿದ: "ಸುಕೇಶ್, ಆಗಸ್ಟಿನಲ್ಲಿ ನಿನ್ನ ಬೋಟು ಮಲ್ಪೆಯಿಂದ ಹೊರಟು ಕಡಲಿಗಲ್ಲ, ಮೂಡಿಗೆ ನೆಲ ಹತ್ತಿ ಸೀದಾ ಆದಿ ಉಡುಪಿ ಮಾರ್ಕೆಟಿಗೆ ಬರುತ್ತದೆ ಮಾರಾಯ! ಲಾರಿ ಬಾಡಿಗೆ ಉಳಿಯಿತು!" ಶಾಮಿಯಾನ ಹಾರಿಹೋಗುವಂತೆ ಜನ ನಕ್ಕರು.

ಆಗಲಾದರೂ ಚಂದು ನಕ್ಕುಬಿಡಬಹುದಿತ್ತು. ಬದಲಿಗೆ, "ಆಗ ಮುಳ್ಳು ಸಿಕ್ಕಿಹಾಕಿಕೊಂಡಿತ್ತು. ಈಗ ಸರಿಯಾಗಿದೆ," ಎಂದ.

ನಗೆ ಅರ್ಧಕ್ಕೇ ನಿಂತಿತು. ತಪ್ಪಿದವನನ್ನು ನೋಡಿ ಜನ ನಗುತ್ತಾರೆ. ಆ ಮಾತು ಕೇಳಿದ ಮೇಲೆ ಯಾರೂ ನಗಲಿಲ್ಲ. ಸುಕೇಶ ತೃಪ್ತಿಗೆ ಕೈ ಮುಗಿದು, "ಸಾರಿ ಟೀಚರ್, ನನ್ನದೇ ತಪ್ಪು" ಎಂದು ಹೇಳಿ, "ಬನ್ನಿ ಚಂದಣ್ಣ, ಹೋಗುವ" ಎಂದು ಕಾರಿನ ಕಡೆಗೆ ನಡೆದ.

ಕಾರು ಬೆಳ್ಮಣ್ಣು ದಾಟಿತು. ಶಿರ್ವದ ದೊಡ್ಡ ದೊಡ್ಡ ಮನೆಗಳು ಕಾಣತೊಡಗಿದಾಗ ಮಳೆ ಶುರುವಾಯಿತು. ಸುಕೇಶ ವೈಪರ್ ಹಾಕಿ, ರಸ್ತೆಯನ್ನೇ ನೋಡುತ್ತ ಕೇಳಿದ:

"ಪಾದೆಯ ಮೇಲೆಯೇ ನಿಮಗೆ ಗೊತ್ತಾಗಿತ್ತು ಅಲ್ವಾ?"

ಚಂದು ಕಿಟಕಿಯ ಹೊರಗೆ ನೋಡಿದ.

"ನೀವು ಗಾಳಿಗೆ ಮುಖ ಮಾಡಿ ನಿಂತದ್ದು ನಾನು ನೋಡಿದೆ. ಅಪ್ಪ ಹಾಗೆಯೇ ನಿಲ್ಲುತ್ತಿದ್ದರು. ನೀವು ಕೆಟ್ಟಿದೆ ಅಂದಾಗ ನನಗೆ ಒಮ್ಮೆ ಸಂಶಯ ಬಂತು. ಚಂದಣ್ಣ ನನ್ನ ಹತ್ತಿರ ಸುಳ್ಳು ಹೇಳಲಿಕ್ಕಿಲ್ಲ ಅಂತ ಆ ಹುಡುಗಿಯ ಮೇಲೆ ಹಾರಾಡಿದೆ."

"ಎಲ್ಲರಿಗೂ ತಪ್ಪುತ್ತದೆ ಸುಕೇಶಣ್ಣ."

"ತಪ್ಪಿದ್ದು ಬಿಡಿ. ಅದು ಲೆಕ್ಕಕ್ಕೇ ಇಲ್ಲ. ನೀವು ಕಡಲಿನಲ್ಲಿ ಇರುವಾಗ ನನಗೆ ಇರುವುದು ವಯರ್‌ಲೆಸ್ಸಿನಲ್ಲಿ ನಿಮ್ಮ ಮಾತು ಒಂದೇ. ಇಂಜಿನ್ ಕೆಟ್ಟಿತು ಅಂದರೆ ಕೆಟ್ಟಿತು, ಇಂಥ ಕಡೆ ಇದ್ದೇವೆ ಅಂದರೆ ಅಲ್ಲಿಗೆ ನಾನು ಬೇರೆ ಬೋಟು ಕಳಿಸುತ್ತೇನೆ. ಇನ್ನು ನೀವು ಏನು ಹೇಳಿದರೂ ನಾನು ಎರಡು ಸಲ ಯೋಚಿಸಬೇಕು. ಹಾಗೆ ಆಗುತ್ತದಾ? ಅಷ್ಟು ಜನರ ಜೀವ ಉಂಟು ಅದರಲ್ಲಿ."

ಚಂದುವಿಗೆ ಒಮ್ಮೆಲೇ ಸಿಟ್ಟು ಬಂತು. "ನೀವು 'ನೋಡುವ' ಅಂದಿರಿ. ಇಷ್ಟು ವರ್ಷ ದುಡಿದವನಿಗೆ ನೋಡುವ ಅಂದಿರಿ. ಆ ಹೆದರಿಕೆ ಇಲ್ಲದಿದ್ದರೆ ನನ್ನ ಬಾಯಲ್ಲಿ ಆ ಮಾತು ಬರುತ್ತಿತ್ತಾ? ಹೆದರಿಸಿದವರು ಯಾರು?"

ಸುಕೇಶ ಕಾರಿನ ವೇಗ ತಗ್ಗಿಸಿದ. "ಅದೂ ಸರಿ," ಎಂದ. "ನಾನು ಹಾಗೆ ಹೇಳಬಾರದಿತ್ತು. ನಿಮ್ಮನ್ನೇ ಕಳಿಸುವುದು ಅಂತ ಇವತ್ತು ಬೆಳಿಗ್ಗೆ ಕಾಡಿನಲ್ಲಿ ಮನಸ್ಸು ಮಾಡಿದ್ದೆ, ಗೊತ್ತುಂಟಾ?"

ಮನೆಯ ಓಣಿಯ ಬಾಯಲ್ಲಿ ಇಳಿಸಿ ಹೋದ. "ನಾಳೆ ಬನ್ನಿ" ಎನ್ನಲಿಲ್ಲ.

"ಗೆದ್ದಿರಾ?" ಎಂದು ಕೇಳಿದಳು ಪುಷ್ಪಾವತಿ.

"ಕೆಟ್ಟ ದಿಕ್ಸೂಚಿ ಕೊಟ್ಟಿದ್ದರು," ಎಂದ ಚಂದು. ಮೂರನೆಯ ಸಲಕ್ಕೆ ಆ ಮಾತು ಸಲೀಸಾಗಿ ಬಂತು. "ಅದನ್ನೇ ನೆಪ ಮಾಡಿ ನನ್ನನ್ನು ಬಿಡಿಸುತ್ತಾನೆ ನೋಡು."

ಪುಷ್ಪಾವತಿ ಮೀನು ಮಾರುವವಳು. ಅವಳ ಕಿವಿಗೆ ಬಿದ್ದದ್ದು ಕಾಪು ಮಾರ್ಕೆಟಿಗೆ ಬೀಳದೆ ಇರುವುದಿಲ್ಲ. ಜುಲೈಯಲ್ಲಿ ಜಿತೇಂದ್ರನಿಗೆ ಬೋಟು ಕೊಟ್ಟರು ಎಂಬ ಸುದ್ದಿ ಬಂದ ಮೇಲಂತೂ ಅವಳು ಸುಕೇಶನ ವಂಶವನ್ನೇ ತೊಳೆದು ಒಣಗಲು ಹಾಕಿದಳು. ಮಾರ್ಕೆಟಿನ ಹೆಂಗಸರು ಅವಳ ಪರ ನಿಂತರು. ಓಣಿಯಲ್ಲಿ ಕಂಡವರೆಲ್ಲ ಚಂದುವಿನ ಕೈ ಹಿಡಿದು "ಅನ್ಯಾಯ ಮಾರಾಯ್ರೆ" ಎಂದರು. ಚಂದು ತಲೆಯಾಡಿಸಿದ. ಕೆಲವೊಮ್ಮೆ ಅವನಿಗೂ ಅದು ನಿಜವೆಂದೇ ಅನ್ನಿಸುತ್ತಿತ್ತು.

ಬೋಟು ಕಡಲಿಗೆ ಇಳಿಯಲು ಇನ್ನೇನು ಕೆಲವು ದಿನ ಇರುವಾಗ ಒಂದು ಸಂಜೆ ಜಮಾಲ್ ಬಂದ. ಚಂದುವಿನ ಬೋಟಿನ ಹಳೆಯ ಕಲಾಸಿ. ಬಿರುಗಾಳಿಯಲ್ಲಿ ಚಂದು ಬಲೆ ಕಡಿ ಎಂದರೆ ಯಾಕೆ ಎಂದು ಕೇಳದೆ ಕಡಿದವನು. ಪುಷ್ಪಾವತಿ ಅವನಿಗೆ ಚಹಾ ಕೊಟ್ಟು ಒಳಗೆ ಹೋದಳು.

"ನಾನು ಬೋಟು ಬಿಟ್ಟೆ ಚಂದಣ್ಣ," ಎಂದ ಜಮಾಲ್, ಕೂತವನೇ. "ನೀವು ಸುಳ್ಳು ಹೇಳಿದ್ದಕ್ಕೆ ಬಿಡಿಸಿದ್ದು ಅಂತ ಸುದ್ದಿ. ಧಕ್ಕೆಯಲ್ಲಿ ಸುಕೇಶಣ್ಣನ ಮುಖಕ್ಕೇ ಹೇಳಿದೆ. ಚಂದಣ್ಣ ಸುಳ್ಳು ಹೇಳುವ ಜನ ಅಲ್ಲ, ನಿಮಗೆ ಬೇಡವಾದರೆ ಬೇಡ ಅನ್ನಿ, ಸುಳ್ಳ ಅಂತ ಹೆಸರು ಹಾಕಬೇಡಿ ಅಂತ. ಅವನು ತಲೆ ಕೆಳಗೆ ಹಾಕಿದ."

"ಬೇರೆ ಬೋಟು ಸಿಕ್ಕಿತಾ?"

"ಈಗ ಎಲ್ಲಿ ಸಿಗುತ್ತದೆ? ಎಲ್ಲ ಬೋಟಿಗೂ ಜನ ಆಗಿದೆ. ಹೆಂಡತಿ ಮನೆಯಲ್ಲಿ ಮುಖ ಊದಿಸಿಕೊಂಡಿದ್ದಾಳೆ. ಇರಲಿ. ಒಂದು ವರ್ಷ ಹೇಗೋ ಹೋಗುತ್ತದೆ."

ಚಂದು ಅವನ ಕೈಗಳನ್ನು ನೋಡಿದ. ಹಗ್ಗ ಎಳೆದೆಳೆದು ಬೆರಳುಗಳು ಪೂರಾ ಬಿಚ್ಚಿಕೊಳ್ಳುತ್ತಿರಲಿಲ್ಲ. ಇಷ್ಟು ದಿನ ಸುಳ್ಳು ತನ್ನ ಒಬ್ಬನ ತಲೆಯ ಮೇಲಿತ್ತು, ಹೊತ್ತುಕೊಂಡು ತಿರುಗಬಹುದಿತ್ತು.

"ಜಮಾಲ್, ಹೋಗಿ ಬೋಟು ಹತ್ತು ಮಾರಾಯ. ದಿಕ್ಸೂಚಿ ಸರಿ ಇತ್ತು."

"ಎಂತ?"

"ಸರಿ ಇತ್ತು. ನಾನು ತಪ್ಪು ಓದಿದೆ. ಕೆಟ್ಟಿದೆ ಅಂತ ಸುಳ್ಳು ಹೇಳಿದೆ."

ಜಮಾಲ್ ಗ್ಲಾಸನ್ನು ನೆಲದ ಮೇಲಿಟ್ಟ. "ಹೇಳುವಾಗ ನಿಮಗೆ ಗೊತ್ತಿತ್ತಾ, ಇಲ್ಲ ಆಮೇಲೆ ಗೊತ್ತಾದದ್ದಾ?"

"ಹೇಳುವಾಗಲೇ ಗೊತ್ತಿತ್ತು."

ಜಮಾಲ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವನು ಬಹಳ ನಿಧಾನವಾಗಿ, ತನ್ನಷ್ಟಕ್ಕೆ ಎಂಬಂತೆ ಕೇಳಿದ: "ಆ ವರ್ಷ ಗಾಳಿಯಲ್ಲಿ ಸಿಕ್ಕಿದಾಗ, ದಡ ಹತ್ತಿರ ಉಂಟು, ಹೆದರಬೇಡಿ ಅಂದಿರಲ್ಲ. ಅದು?"

"ಅದು ನಿಜ. ಅದು ದೇವರಾಣೆ ನಿಜ ಜಮಾಲ್."

"ಇರಬಹುದು," ಎಂದು ಜಮಾಲ್ ಎದ್ದ. "ಈಗ ಹೋಗಿ ಸುಕೇಶಣ್ಣನ ಹತ್ತಿರ ಕೈ ಮುಗಿಯಬೇಕು ನಾನು."

"ನನ್ನ ಹೆಸರು ಹೇಳು. ಚಂದಣ್ಣನೇ ಕಳಿಸಿದ ಅಂತ ಹೇಳು."

"ನಿಮ್ಮ ಹೆಸರು ಬೇಡ," ಎಂದು ಜಮಾಲ್ ಚಪ್ಪಲಿ ಮೆಟ್ಟಿ ಹೊರಟುಹೋದ.

ಒಳಗೆ ಪಾತ್ರೆಗಳ ಸದ್ದು ಯಾವಾಗಲೋ ನಿಂತಿತ್ತು. ಪುಷ್ಪಾವತಿ ಬಾಗಿಲಿಗೆ ಬಂದಳು. ಜಮಾಲ್ ಕುಡಿಯದೆ ಬಿಟ್ಟ ಚಹಾವನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಗ್ಲಾಸನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು. ನಾಡಿಗೆಲ್ಲ ಕೇಳುವ ಬಾಯಿ ಅವಳದ್ದು. ಆಗ ಮಾತ್ರ ಪಿಸುಮಾತಿನಷ್ಟೇ ಧ್ವನಿ ಬಂತು.

"ನಾಳೆ ಬುಟ್ಟಿ ಹಿಡಿದು ಮಾರ್ಕೆಟಿಗೆ ನೀವು ಹೋಗಿ. ಅಲ್ಲಿ ಆ ಹೆಂಗಸರು ಕೇಳುತ್ತಾರೆ. ದಿಕ್ಸೂಚಿ ಸರಿ ಇತ್ತು ಅಂತ ನೀವೇ ಹೇಳಿ ಬನ್ನಿ."